ತಾರಸಿಯ ಮೇಲಿನ ಹಳದಿ ಬಟ್ಟೆ

ಮಾರ್ಚ್ 3, ಬೆಳಿಗ್ಗೆ

ಒಗೆದ ಬಟ್ಟೆಯನ್ನೇ ಮತ್ತೆ ಒಗೆದದ್ದಾಯಿತು. ಆಸ್ಪತ್ರೆ ಚಿಮಣಿಯ ಹೊಗೆ ಇವತ್ತೂ ಈ ಕಡೆಗೇ. ಬ್ಯಾಂಡೇಜು, ಸಿರಿಂಜು, ಪ್ಲಾಸ್ಟಿಕ್ ಪೈಪು — ಎಲ್ಲ ಒಂದೇ ಒಲೆಗೆ. ಹೊಲಿದಿಟ್ಟ ಗಿರಾಕಿಯ ಬಿಳಿ ಬ್ಲೌಸಿಗೂ ಮಸಿ. ಬಟ್ಟೆ ಹಾಳಾಗಿ ಹೋಗಲಿ, ಮಗಳು ಚೋಟುವಿಗೆ ಉಬ್ಬಸ. ರಾತ್ರಿಯೆಲ್ಲ ಅವಳ ಎದೆ ಸುಂಯ್ ಅನ್ನುತ್ತಿತ್ತು.

ಬೀದಿಯವರು ಜಗಳಕ್ಕೆ ಹೊರಟಿದ್ದಾರೆ. ನನಗೆ ಬಾಯೇ ಬರುವುದಿಲ್ಲ. ಏಳು ತಿಂಗಳಿಗೇ ಹುಟ್ಟಿದವಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಉಳಿಸಿಕೊಟ್ಟ ಆಸ್ಪತ್ರೆ. ಯಾವ ಮುಖ ಇಟ್ಟುಕೊಂಡು ಬೈಯಲಿ?

ಮಾರ್ಚ್ 5

ಹೊಗೆ ನಮ್ಮ ಕಡೆ ಬರದ ಹಾಗೆ ಮಾಡಲಾಗದೇ ಅಂತ ಕಾಂಪೌಂಡ್ ಗೋಡೆಯಾಚೆ ಇಣುಕಿ ಒಲೆ ಹಚ್ಚುವವನನ್ನೇ ಕೇಳಿದೆ. ಒಲೆಯಣ್ಣ ಅಂತ ಚೋಟು ಇಟ್ಟ ಹೆಸರು. ಬಾಯಿ ಸಿಡುಕು, ಮನಸ್ಸು ಬೆಣ್ಣೆ.

"ತಾರಸಿ ಮೇಲೊಂದು ಬಟ್ಟೆ ಕಟ್ಟಮ್ಮ. ಅದು ನನ್ನ ಕಡೆ ಹಾರಿದ್ರೇನೇ ಒಲೆ ಹಚ್ತೀನಿ. ಇಲ್ಲಾಂದ್ರೆ ಗಾಳಿ ತಿರುಗೋವರ್ಗೂ ಕಾಯ್ತೀನಿ."

ಲೈನಿಂಗಿನ ಹಳದಿ ತುಂಡು ಕಟ್ಟಿದೆ.

ಮಾರ್ಚ್ 19

ಬರೆಯಲು ಏನೂ ಇರಲಿಲ್ಲ. ಅದೇ ಸುಖ. ಚೋಟು ನಿದ್ದೆ ಮಾಡುತ್ತಾಳೆ, ನಾನೂ. ಒಲೆಯಣ್ಣನ ಅಂಗಿಯ ಕಾಲರ್ ತಿರುಗಿಸಿ ಹೊಲಿದುಕೊಟ್ಟೆ. ಥ್ಯಾಂಕ್ಸ್ ಅಂದರೆ, ಗಾಳಿಗೆ ಹೇಳು ಅಂತ ಸಿಡುಕಿದ.

ಏಪ್ರಿಲ್ 2, ಸಂಜೆ

ನಾದಿನಿಗೆ ಹೆರಿಗೆ. ಗಂಡು. ಇವನೂ ಚೋಟುವಿನ ಹಾಗೆ ಅವಸರದವನು... ಅದೇ ವಾರ್ಡು, ಅದೇ ಗಾಜಿನ ಪೆಟ್ಟಿಗೆ. ಚೋಟುವನ್ನು ನೋಡಿಕೊಂಡಿದ್ದ ಸಿಸ್ಟರ್ ಇನ್ನೂ ಅಲ್ಲೇ ಇದ್ದಾರೆ. ಕೈ ಹಿಡಿದುಕೊಂಡೆ, ಕಣ್ಣು ತುಂಬಿ ಬಂತು. ಅವರು ಕಿಟಕಿಯ ಸಂದಿಗೆ ಒದ್ದೆ ಬಟ್ಟೆ ತುರುಕುತ್ತಿದ್ದರು.

"ಮೊದ್ಲು ಈ ಕಡೆ ಹೊಗೆ ಅಪರೂಪ. ಈಗೊಂದು ತಿಂಗಳಿಂದ ಒಲೆ ಹಚ್ಚಿದಾಗಲೆಲ್ಲ ಇಲ್ಲಿಗೇ ಬರುತ್ತೆ, ಮಕ್ಕಳ ಮೂಗಿಗೆ."

ಕಿಟಕಿಯಾಚೆ ನೋಡಿದೆ. ಚಿಮಣಿ. ಅದರ ಹಿಂದೆ ನಮ್ಮ ತಾರಸಿ. ಹಳದಿ ಬಟ್ಟೆ ನೆಟ್ಟಗೆ ವಾರ್ಡಿನ ಕಡೆಗೇ ಹಾರುತ್ತಿತ್ತು.

ಏಪ್ರಿಲ್ 3

ಬಟ್ಟೆ ಬಿಚ್ಚಿದೆ. ಚೋಟು ಪಕ್ಕದಲ್ಲೇ ನಿಂತಿದ್ದಳು. ಒಲೆಯಣ್ಣನಿಗೆ ಎಲ್ಲ ಹೇಳಿದೆ. ಕೇಳಿಸಿಕೊಂಡು ಒಳಗೆ ಹೋದ.

ಏಪ್ರಿಲ್ 5

ಅವತ್ತಿನಿಂದ ಒಲೆ ಹಚ್ಚಿಲ್ಲ! ಚೀಲಗಳು ರಾಶಿ ಬಿದ್ದಿವೆ, ನಾತ. ದೊಡ್ಡ ಡಾಕ್ಟರು ರೇಗಿದರಂತೆ. ಒಲೆಯಣ್ಣ ಹೇಳಿದ್ದು ಇಷ್ಟೇ ಅಂತೆ: "ಬಟ್ಟೆ ಇಲ್ಲ ಸಾರ್. ಹೊಗೆ ಯಾರ ಮನೆ ಕಡೆ ಬಿಡ್ಲಿ, ನೀವೇ ಹೇಳಿ."

ಸಿಸ್ಟರೂ ಅವನ ಪಕ್ಕ ಹೋಗಿ ನಿಂತರಂತೆ. ಇಂಥವರು ನನಗೆ ಸಿಕ್ಕಿದ್ದು ಯಾವ ಜನ್ಮದ ಪುಣ್ಯವೋ.

ಏಪ್ರಿಲ್ 6, ಬೆಳಿಗ್ಗೆ

ಬಟ್ಟೆ ಕಟ್ಟಿದ್ದ ಜಾಗ ನೋಡಲು ದೊಡ್ಡ ಡಾಕ್ಟರೇ ಬರುತ್ತಾರಂತೆ. ಎದ್ದಾಗಿನಿಂದ ಮಾತು ಜೋಡಿಸುತ್ತಿದ್ದೇನೆ. ಮೊದಲು ಥ್ಯಾಂಕ್ಸ್ ಹೇಳಬೇಕು — ಚೋಟುವಿಗೆ, ನಾದಿನಿಯ ಕೂಸಿಗೆ, ಅವರು ಮಾಡಿದ್ದಕ್ಕೆಲ್ಲ. ಅದನ್ನು ನುಂಗಬಾರದು. ಈ ಒಲೆಯೇ ಬೇಡ ಅನ್ನುವುದನ್ನೂ ನುಂಗಬಾರದು.

ಮೆಟ್ಟಿಲ ಮೇಲೆ ಬೂಟಿನ ಸದ್ದು. ಹಿಂದೆ ಒಲೆಯಣ್ಣನ ಕೆಮ್ಮು.

ಮೊದಲು ಥ್ಯಾಂಕ್ಸ್. ಆಮೇಲೆ —