ಇಂದ್ರಮ್ಮನವರ ಮಹಡಿ ಮೇಲಿನ ಕುಣಿತ

ಮಂಡ್ಯ
ಜೂನ್ 15, 2025

ಪ್ರೀತಿಯ ಅಪ್ಪನಿಗೆ ಪ್ರಿಯಾಂಕ ಮಾಡುವ ಜೈ ಭೀಮ್.

ಕಾಗದ ತಡವಾಯಿತು, ಬೈಯಬೇಡ. ಫೋನಿನಲ್ಲಿ ನನ್ನ ಮಾತು ನಿನಗೆ ಅರ್ಧ ಕೇಳಿಸುತ್ತದೆ, ಇನ್ನರ್ಧ ನೀನೇ ಊಹಿಸಿಕೊಂಡು ಹಲಗೂರಿಗೆಲ್ಲ ಹೇಳುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿ ಹೇಳು.

ಉಚಿತ ಕಾನೂನು ನೆರವಿನ ವಕೀಲಳಾಗಿ ನಾನು ಒಬ್ಬಳೇ ನಿಭಾಯಿಸಿದ ಮೊದಲ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು! ಕಳೆದ ತಿಂಗಳು ನಯನ ಅನ್ನುವ ಹೆಂಗಸು ಖಾಲಿ ಬಿಂದಿಗೆ ಹಿಡಿದುಕೊಂಡೇ ಕೋರ್ಟಿನ ಆವರಣಕ್ಕೆ ಬಂದಳು. ಅವಳು ಇಲ್ಲೇ ಮಂಡ್ಯದ ಗುತ್ತಲಿನಲ್ಲಿ ಇಂದ್ರಮ್ಮ ಅನ್ನುವವರ ಮಹಡಿ ಮನೆಯಲ್ಲಿ ಬಾಡಿಗೆಗಿದ್ದಾಳೆ. ಮನೆ ಬಿಡಿಸಲು ಇಂದ್ರಮ್ಮ ಮೋಟರಿನ ಕೋಣೆಗೆ ಬೀಗ ಜಡಿದು ನೀರು ನಿಲ್ಲಿಸಿಬಿಟ್ಟಿದ್ದರು. "ನೋಡಿ ಮೇಡಂ, ಒಂದು ತೊಟ್ಟೂ ಇಲ್ಲ" ಅಂತ ಬಿಂದಿಗೆಯನ್ನು ನನ್ನ ಮೇಜಿನ ಮೇಲೆ ಬೋರಲು ಹಾಕಿದಳು.

ಇಬ್ಬರನ್ನೂ ಕೂರಿಸಿ ಮಾತಾಡೋಣ ಅಂತ ಇಂದ್ರಮ್ಮನವರನ್ನು ಕರೆಸಿದೆ. ಅರವತ್ತು ದಾಟಿದ ಗಟ್ಟಿ ಜೀವ. ಕೂರುವ ಮುಂಚೆಯೇ ಶುರು ಮಾಡಿದರು. "ನನ್ ಮನೆ ಕಣಮ್ಮ, ನನ್ನಿಷ್ಟ. ಇವ್ಳು ಡ್ಯಾನ್ಸ್ ಕ್ಲಾಸ್ ಮಡಗವ್ಳೆ. ಬೆಳಿಗ್ಗೆ ಎದ್ದೇಟ್ಗೆ ಬೀದಿ ಎಂಗುಸ್ರೆಲ್ಲ ನನ್ ತಲೆ ಮ್ಯಾಲೆ ದಬದಬ ಅಂತ ಕುಣೀತರೆ. ಮೊನ್ನೆ ನಮ್ಮೆಜಮಾನ್ರ ಪೋಟ ಬಿದ್ದೋಯ್ತು!"

"ನನ್ನೊಟ್ಟೆಪಾಡು ಅಲ್ವಾ ಆಂಟಿ? ನೀರು ನಿಲ್ಸುಬುಟ್ರೆ ಬದುಕೋದೆಂಗೆ?" ಅಂದಳು ನಯನ.

ಮನೆ ಬಿಡಿಸಬೇಕಾದರೆ ನೋಟಿಸು ಕೊಡಬೇಕು, ಒಪ್ಪದಿದ್ದರೆ ಕೋರ್ಟಿಗೆ ಹೋಗಬೇಕು, ನೀರು ಮಾತ್ರ ನಿಲ್ಲಿಸುವ ಹಾಗಿಲ್ಲ ಅಂತ ಇಂದ್ರಮ್ಮನವರಿಗೆ ಹೇಳಿದೆ. ವಾಸಕ್ಕೆಂದು ತೆಗೆದುಕೊಂಡ ಮನೆಯಲ್ಲಿ ಒಡತಿಯನ್ನು ಕೇಳದೆ ಕ್ಲಾಸು ನಡೆಸುವುದೂ ತಪ್ಪು ಅಂತ ನಯನಳಿಗೆ ಹೇಳಿದೆ. ಇಬ್ಬರೂ ಒಟ್ಟಿಗೇ ನನ್ನ ಮೇಲೆ ಮುನಿಸಿಕೊಂಡರು. ಆದರೂ ಮೋಟರಿನ ಬೀಗ ಅವತ್ತೇ ತೆರೆಯಿತು.

ಮಾರನೇ ದಿನ ಬೆಳಿಗ್ಗೆ ಅವರ ಮನೆಗೇ ಹೋದೆ. ಇಂದ್ರಮ್ಮ ಹೇಳಿದ್ದು ಸುಳ್ಳಲ್ಲ ಅಪ್ಪ. ಕೆಳಗೆ ಕೂತರೆ ಫ್ಯಾನು ತಾನೂ ಕುಣಿಯುತ್ತಿತ್ತು! ಅಂಗಳದ ಪಕ್ಕದಲ್ಲಿ ಒಂದು ದೊಡ್ಡ ಶೆಡ್ಡು, ಯಜಮಾನರ ಜೀಪು ಮಾರಿದ ಮೇಲೆ ಖಾಲಿ ಬಿದ್ದಿತ್ತು. "ಇಂದ್ರಮ್ಮೋರೆ, ಕ್ಲಾಸು ಇಲ್ಲಿ ನಡೆದರೆ ಆಗಲ್ವಾ?" ಅಂದೆ. ಅವರು ಶೆಡ್ಡು ನೋಡಿದರು, ಮಹಡಿ ನೋಡಿದರು. ಆಮೇಲೆ ಬಾಯಿ ಜಾರಿತು. "ಇಲ್ಲಾದ್ರೆ ಅವು ಕುಣ್ಯೋದು ನಂಗೂ ಕಾಣ್ತದೆ ಅಲ್ವಾ!"

ನಯನ ಬಿದ್ದು ಬಿದ್ದು ನಕ್ಕಳು. ಇಂದ್ರಮ್ಮ ಒಂದು ಗಳಿಗೆ ಬಿಗಿಯಾಗಿದ್ದು, ಸೆರಗು ಬಾಯಿಗೆ ಹಿಡಿದು ಅವರೂ ನಕ್ಕರು.

ಒಪ್ಪಂದ ಬರೆಸಿದೆವು. ನೀರು ನಿಲ್ಲಿಸುವಂತಿಲ್ಲ, ಮಹಡಿಯಲ್ಲಿ ಕುಣಿಯುವಂತಿಲ್ಲ, ಮನೆ ಬೇಕಾದರೆ ಮೂರು ತಿಂಗಳು ಮುಂಚೆ ಬರವಣಿಗೆಯಲ್ಲಿ ತಿಳಿಸಬೇಕು. ಈಗ ಬೆಳಿಗ್ಗೆ ಇಂದ್ರಮ್ಮ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, "ಏ ಮರಿತಾಯಮ್ಮ, ಕಾಲು ಇನ್ನೂ ಮ್ಯಾಲಕ್ಕೆತ್ತು!" ಅಂತ ಮೇಷ್ಟರಿಕೆ ಮಾಡುತ್ತಾರಂತೆ. ಅಮ್ಮ ಇಷ್ಟು ಹೊತ್ತಿಗೆ ನಗುತ್ತಿರಬೇಕು.

ನಿನ್ನ ಕಾಲುನೋವು ಹೇಗಿದೆ? ಬಸ್ ಸ್ಟಾಂಡಿಗೆ ನಡೆದು ಹೋಗಿ ಪೇಪರ್ ತರುವ ಹಟ ಬಿಡು. ಮಂಜಕ್ಕನ ಕೂಸಿಗೆ ನನ್ನ ಆಶೀರ್ವಾದ, ನೂರು ಕಾಲ ಬಾಳಲಿ. ಬುದ್ಧನ ಕರುಣೆ ನಿಮ್ಮೆಲ್ಲರ ಮೇಲಿರಲಿ.

ನಿನ್ನ ಮಗಳು,
ಪ್ರಿಯಾಂಕ

ಮರೆತ ಮಾತು: ಇದನ್ನು ಅಮ್ಮನಿಗೆ ಓದಿ ಹೇಳಬೇಡ. ನಾನಿರುವ ಹಾಸ್ಟೆಲು ಮುಚ್ಚುತ್ತಿದೆ, ಮನೆ ಹುಡುಕುತ್ತಿದ್ದೇನೆ. ರಾಜಿಯಾದ ದಿನ ಇಂದ್ರಮ್ಮನವರೇ ನನ್ನ ಕೈ ಹಿಡಿದು, "ಇತ್ಲು ಕಡೆ ಮನೆ ಖಾಲಿ ಅದೆ, ನೀನೇ ಬಂದುಬುಡವ್ವ" ಅಂದಿದ್ದರು. ನಿನ್ನೆ ನೋಡಲು ಹೋದೆ. ನಯನಳೂ ಇದ್ದಳು. ಇಂದ್ರಮ್ಮ ಕಾಫಿಗೆ ಇಡುತ್ತಾ, "ಅಲಗೂರಲ್ಲಿ ಯಾವ್ ಬೀದಿ ನಿಮ್ದು?" ಅಂದರು. ನಮ್ಮ ಬೀದಿಯ ಹೆಸರು ಹೇಳಿದೆ. ಒಲೆಯ ಉರಿ ಸಣ್ಣ ಮಾಡಿ, "ಮರ್ತೇಬುಟ್ಟಿದ್ದೆ ಕಣವ್ವ, ಆ ಮನೆಗೆ ನನ್ ತಂಗಿ ಮಗ ಬತ್ತೀನಿ ಅಂದವ್ನೆ" ಅಂದರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

ಕಾಫಿ ಬಂತು. ನಯನಳಿಗೆ ಸ್ಟೀಲ್ ಲೋಟದಲ್ಲಿ, ನನಗೆ ಪೇಪರ್ ಲೋಟದಲ್ಲಿ. ನಯನ ತನ್ನ ಲೋಟ ನೋಡಿದಳು, ನನ್ನದು ನೋಡಿದಳು, ತಲೆ ತಗ್ಗಿಸಿ ಕುಡಿದಳು.

ನಾನು ಕುಡಿಯಲಿಲ್ಲ, ಅಪ್ಪ.