ಕಾಗೆಗಳ ತಪ್ಪೇನಿಲ್ಲ

ಮಲ್ಹಾರ್ ಬಾಳಾ,

ಶಾಲೆಯಿಂದ ಬಂದವನೇ ಆ ಕ್ಯಾಟರ್‌ಬಿಲ್ಲನ್ನು ಕಪಾಟಿನ ಮೇಲಿಡು.

ಇವತ್ತು ನಿನ್ನ ಆಜೋಬಾರ ತಿಥಿ. ತಾರಸಿಯ ಮೇಲೆ ಎಡೆ ಇಟ್ಟು ಎಷ್ಟು ಹೊತ್ತಾಯಿತು, ಮುಟ್ಟುವುದಕ್ಕೆ ಒಂದು ಕಾಗೆಯೂ ಬಂದಿಲ್ಲ. "ಅವ್ರಿಗೆ ನಮ್ಮೇಲೆ ಸಿಟ್ಟು" ಅಂತ ಆಜಿ ಅಳುತ್ತಾ ಕೂತಿದ್ದಾರೆ. ನಿನ್ನ ಬಾಬಾ ತಮ್ಮಪ್ಪನ ಎಡೆಗೆ ಕಾಗೆ ಬರಲಿ ಅಂತ ಹಸಿದುಕೊಂಡು ಆಕಾಶ ನೋಡುತ್ತಿದ್ದಾರೆ. ನೀನು ವಾರದಿಂದ ಕಾಗೆಗಳಿಗೆ ಕಲ್ಲು ಹೊಡೆದು ಓಡಿಸಿದ್ದನ್ನು ಪಕ್ಕದ ಮನೆ ಕಾಕು ಈಗ ಹೇಳಿದರು. "ಪ್ರತಿ ತಿಂಗ್ಳೂ ನಮ್ಮ ಆಯೀನ ಮುಟ್ಟಿ ಮೂಲೇಲಿ ಕೂರಿಸ್ತಾವೆ, ಬಿಡಲ್ಲ" ಅಂದೆಯಂತೆ. ಬೈಯಬೇಕು ಅಂದುಕೊಂಡೆ, ನಗು ಬಂತು.

ನನ್ನನ್ನು ಯಾವ ಕಾಗೆಯೂ ಮುಟ್ಟಿಲ್ಲ ಕಣೋ. ಅದು ಮಕ್ಕಳ ಬಾಯಿ ಮುಚ್ಚಿಸಲು ಆಜಿ ಹೇಳುವ ಮಾತು. ದೊಡ್ಡವರಾದ ಹೆಂಗಸರಿಗೆ ತಿಂಗಳಿಗೊಮ್ಮೆ ಗರ್ಭಕೋಶದಿಂದ ರಕ್ತ ಹೋಗುತ್ತದೆ. ಗಾಯವಲ್ಲ, ಕಾಯಿಲೆಯಲ್ಲ. ಉಳಿದದ್ದನ್ನು ಡ್ಯೂಟಿ ಮುಗಿಸಿ ಬಂದು ಹೇಳುತ್ತೇನೆ, ನಾಚದೆ ಕೇಳು. ದಿನವಿಡೀ ಸಾತಾರಾ ಬಸ್ಸಿನಲ್ಲಿ ಟಿಕೆಟ್ ಹರಿಯುವವಳಿಗೆ ಮನೆಗೆ ಬಂದರೆ ಮೂಲೆ ಯಾಕೆ ಅಂತ ನಾನೂ ಕೇಳುವುದಿದೆ.

ಈಗ ತಾರಸಿಗೆ ಹೋಗಿ ಕಾಗೆಗಳನ್ನು ಕರೆ. ಕೈಯಲ್ಲಿ ವಡೆ ಇರಲಿ, ಕಲ್ಲು ಬೇಡ.

ಸಂಜೆ ಮೂಲೆಯಲ್ಲಲ್ಲ, ನಿನ್ನ ಪಕ್ಕದಲ್ಲೇ ನನ್ನ ತಟ್ಟೆ ಹಾಕು. ಆಜಿ ಏನಾದರೂ ಅಂದರೆ, ಇವತ್ತು ಕಾಗೆ ಮುಟ್ಟಿದ್ದು ಎಡೆಯನ್ನು, ಆಯಿಯನ್ನಲ್ಲ ಅನ್ನು.

ಆಯಿ