ಕಲ್ಲುಗಿಡ ಹೂ ಬಿಟ್ಟಿತು

ಅತ್ತೇ,

ನಾನೇ ಗೆದ್ದೆ. ನೀವು ಬೆಣಚುಕಲ್ಲು ಎಂದು ಆಡಿಕೊಳ್ಳುತ್ತಿದ್ದ ನನ್ನ ಕಲ್ಲುಗಿಡ ಇವತ್ತು ಮಧ್ಯಾಹ್ನ ಹೂ ಬಿಟ್ಟಿದೆ. ಥೇಟ್ ಉರುಟು ಕಲ್ಲಿನಂತೆ ಕಾಣುವ ಎರಡು ದಪ್ಪ ಎಲೆಗಳ ನಡುವಿನ ಸೀಳಿನಿಂದ ಎದ್ದ ಹಳದಿ ಹೂವು ಗಿಡವನ್ನೇ ಮುಚ್ಚಿಬಿಟ್ಟಿದೆ.

ಹಳೆಯ ಎಲೆ ಸುಕ್ಕಾಗುವಾಗ ನೀರು ಹಾಕಬಾರದು, ಅದರ ರಸ ಕುಡಿದೇ ಒಳಗಿನ ಹೊಸ ಎಲೆ ಬೆಳೆಯುತ್ತದೆ ಎಂದು ಎಷ್ಟು ಸಲ ಬಡಿದುಕೊಂಡಿದ್ದೆ. “ಬಾಯಿಲ್ಲದ ಜೀವ ಕಣೇ, ಹೀಗೆ ಒಣಗಿಸ್ತೀಯಲ್ಲ, ಕರುಳಿದೆಯಾ ನಿಂಗೆ?” ಎನ್ನುತ್ತಿದ್ದಿರಿ. ನಾನು ಆಫೀಸಿಗೆ ಹೊರಟ ಕೂಡಲೇ, ಮಾತ್ರೆ ನುಂಗಿ ಲೋಟದಲ್ಲಿ ಉಳಿದ ನೀರನ್ನೆಲ್ಲ ಅದಕ್ಕೇ ಸುರಿಯುತ್ತಿದ್ದಿರಿ. ಹಾಗೆ ಮೂರು ಗಿಡಗಳು ಕೊಳೆತುಹೋದವು. ನೀವು ತೀರಿಕೊಂಡ ಮೇಲೆ ತಂದ ಈ ನಾಲ್ಕನೆಯದಕ್ಕೆ ಕದ್ದು ನೀರು ಹಾಕುವವರು ಯಾರೂ ಇರಲಿಲ್ಲ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿ ಮೆರೆದೆ. ನಿಮ್ಮ ಮಗ ಮಾತ್ರ ಬಹಳ ಹೊತ್ತು ಹೂವನ್ನೇ ನೋಡಿ, “ಅಮ್ಮ ಇದ್ದಿದ್ರೆ, ‘ನಾನು ನೀರು ಹಾಕಿದ್ದಕ್ಕೇ ಹೂ ಬಿಡ್ತು’ ಅಂತಿದ್ಳು” ಎಂದರು.

ಅನ್ನಿ, ಅತ್ತೇ. ಒಂದೇ ಒಂದು ಸಲ ಅಂದು ನೋಡಿ. ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇದೆ.